ಚೀಟಿ, ಅರ್ಹತೆ ಮತ್ತು ಋಣ

ಹಂಚಬೇಕಾದ ವಸ್ತು ಕಡಿಮೆ, ಕೇಳುವವರು ಹೆಚ್ಚು, ಕೇಳುವವರೆಲ್ಲರ ಹಕ್ಕೂ ಸಮಾನ. ಇಂಥ ಇಕ್ಕಟ್ಟಿಗೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಚೀಟಿ ಎತ್ತುವುದು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಬಾವಿಯ ಕಡೆಯ ಪಾಲು ಯಾರಿಗೆಂಬ ತಕರಾರು ಬಂದರೆ, ಪಂಚರು ಚೀಟಿ ಬರೆದು ಮಡಚಿ, ಓದು ಬಾರದ ಮಗುವಿನ ಕೈಯಿಂದ ಎತ್ತಿಸುತ್ತಾರೆ. ಬಂದ ಪಾಲನ್ನು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಈ ಪದ್ಧತಿ ಇಂದಿನ ಆಡಳಿತದಲ್ಲಿಯೂ ಉಳಿದು ಬಂದಿದೆ. ಸರಪಂಚ ಸ್ಥಾನ ಯಾವ ವರ್ಗಕ್ಕೆ ಮೀಸಲು, ಮುಂಬಯಿಯಲ್ಲಿ ಮ್ಹಾಡಾ ಮನೆ ಯಾರಿಗೆ, 2009ರ ಶಿಕ್ಷಣ ಹಕ್ಕು ಕಾಯಿದೆಯನ್ವಯ ಖಾಸಗಿ ಶಾಲೆಯ ಶೇಕಡಾ 25 ಸ್ಥಾನಗಳಲ್ಲಿ ಯಾವ ಬಡ ಮಗುವಿಗೆ ಪ್ರವೇಶ ಎಂಬ ಪ್ರಶ್ನೆಗಳು ಇಂದಿಗೂ ಚೀಟಿಯಿಂದಲೇ ತೀರುತ್ತವೆ.

ಹೊಲ, ಮನೆ, ಶಾಲೆಗಳನ್ನು ಚೀಟಿಯಿಂದ ಹಂಚುವುದು ನಮಗೆ ಹೊಸದಲ್ಲ. ಆದರೆ ಒಂದು ದೇಶದಲ್ಲಿ ಕಾಯಂ ಆಗಿ ಬಾಳುವ ಹಕ್ಕನ್ನೇ ಚೀಟಿಯಿಂದ ಹಂಚಬಹುದೇ? ಹಂಚಿದರೆ ಅದು ನ್ಯಾಯವೇ? ಹಾಗೆ ಪಡೆದವನು ಅದನ್ನು ತನ್ನ ಗಳಿಕೆ ಎನ್ನಬಹುದೇ? ಪಡೆಯದವನು ತನ್ನನ್ನು ಅನರ್ಹನೆಂದು ತಿಳಿಯಬೇಕೇ? ನಮ್ಮ ಮಕ್ಕಳು ಪುಣೆ, ಬೆಂಗಳೂರುಗಳನ್ನು ದಾಟಿ ಸಾಗರದಾಚೆಗೆ ಹೋಗುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗಳು ಗಡಿಭಾಗದ ಹಳ್ಳಿಯ ಕಟ್ಟೆಗೂ ಬಂದು ಕುಳಿತಿವೆ. ಆದುದರಿಂದ ಅವುಗಳನ್ನು ಕುರಿತು ಈ ಸಂಚಿಕೆಯಲ್ಲಿ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗದೆಂದು ನಾವು ಭಾವಿಸುತ್ತೇವೆ.

ಅಮೆರಿಕವು 1990ರ ವಲಸೆ ಕಾಯಿದೆಯ ಮೂಲಕ ‘ವೈವಿಧ್ಯ ವೀಸಾ’ ಎಂಬ ಯೋಜನೆಯನ್ನು ರೂಪಿಸಿತು. 1995ರಿಂದ ಅದು ಪೂರ್ಣವಾಗಿ ಜಾರಿಗೆ ಬಂತು. ವರ್ಷಕ್ಕೆ ಸುಮಾರು 50,000 ಜನರಿಗೆ ಕಾಯಂ ವಾಸದ ಪರವಾನಗಿ ಕೊಡುವುದು, ಅವರನ್ನು ಲಕ್ಷಾಂತರ ಅರ್ಜಿಗಳ ನಡುವಿನಿಂದ ಗಣಕಯಂತ್ರದ ಚೀಟಿಯಿಂದ ಆರಿಸುವುದು ಅದರ ಕ್ರಮ. ಪ್ರೌಢಶಾಲೆಯ ಮಟ್ಟದ ಓದು ಅಥವಾ ತರಬೇತಿ ಬೇಡುವ ಕಸುಬಿನಲ್ಲಿ ಎರಡು ವರ್ಷದ ಅನುಭವ ಇದ್ದರೆ ಸಾಕು. ಹೆಸರು ಬಂದ ಮಾತ್ರಕ್ಕೆ ಪರವಾನಗಿ ದೊರೆಯಿತೆಂದಲ್ಲ. ಇರುವ ವೀಸಾಗಳಿಗಿಂತ ಹೆಚ್ಚು ಹೆಸರುಗಳನ್ನು ಆರಿಸುತ್ತಾರೆ, ಸಂದರ್ಶನ, ತಪಾಸಣೆಗಳೆಲ್ಲ ಆ ಸಾಲಿನ ಸೆಪ್ಟೆಂಬರ್ 30ರೊಳಗೆ ಮುಗಿಯಬೇಕು. ಈ ಯೋಜನೆಯನ್ನು ನಿಲ್ಲಿಸಬೇಕೆಂಬ ಕೂಗು ಆ ದೇಶದಲ್ಲಿಯೇ ಹಲವು ಬಾರಿ ಎದ್ದಿದೆ.

ಈ ಚೀಟಿಯ ಗಡಿಗೆಯಲ್ಲಿ ಭಾರತದಲ್ಲಿ ಹುಟ್ಟಿದವರ ಹೆಸರಿಗೆ ಜಾಗವಿಲ್ಲ. ಹಿಂದಿನ ಐದು ವರ್ಷಗಳಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನು ಕಳಿಸಿದ ದೇಶಗಳನ್ನು ಅದು ಹೊರಗಿಡುತ್ತದೆ. ಭಾರತ ಆ ಪಟ್ಟಿಯಲ್ಲಿದೆ. ಭಾರತದಲ್ಲಿ ಹುಟ್ಟಿದವರಿಗೂ ಹೆಸರು ಹಚ್ಚಿಕೊಡುತ್ತೇವೆಂದು ಹಣ ಕೇಳುವ ದಲ್ಲಾಳಿಗಳ ಮಾತಿಗೆ ನಮ್ಮ ಹುಡುಗರು ಮರುಳಾಗಬಾರದೆಂದು ಇಲ್ಲಿಯೇ ಹೇಳಿಬಿಡುವುದು ಒಳಿತು. ಇನ್ನೂ ಒಂದು ಸೂಕ್ಷ್ಮವಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ನೆಲ. ನಮ್ಮ ಕಡೆಯ ಒಬ್ಬ ಗೃಹಸ್ಥ ಕೆಲವು ವರ್ಷ ಮಸ್ಕತ್ತಿನಲ್ಲಿ ಕೆಲಸ ಮಾಡಿದನೆಂದು ಊಹಿಸೋಣ. ಹಿರಿಯ ಮಗ ಅಲ್ಲಿ ಹುಟ್ಟಿದ. ಊರಿಗೆ ಮರಳಿದ ಮೇಲೆ ಕಿರಿಯವನು ವಿಜಯಪುರದ ದವಾಖಾನೆಯಲ್ಲಿ ಹುಟ್ಟಿದ. ಇಬ್ಬರೂ ಭಾರತೀಯರು, ಒಂದೇ ಶಾಲೆಯಲ್ಲಿ ಓದಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಅಣ್ಣ ಚೀಟಿಗೆ ಅರ್ಹ, ತಮ್ಮ ಅನರ್ಹ. ತಮ್ಮನ ಮುಂದೆ ಉಳಿಯುವ ದಾರಿಯೆಂದರೆ, ಅರ್ಹ ದೇಶವೊಂದರಲ್ಲಿ ಹುಟ್ಟಿದ ಹೆಂಡತಿ ಸಿಕ್ಕರೆ ಅವಳ ಜನ್ಮಭೂಮಿಯ ಲೆಕ್ಕದಲ್ಲಿ ಹೆಸರು ಕೊಡುವುದು! ತಮ್ಮ ಮಾಡಿದ ತಪ್ಪೇನು? ಅಣ್ಣ ಮಾಡಿದ ಪುಣ್ಯವೇನು? ತಾಯಿಗೆ ಹೆರಿಗೆಯ ನೋವು ಎಲ್ಲಿ ಬಂತೆಂಬುದಷ್ಟೇ ಇಬ್ಬರ ನಡುವಿನ ವ್ಯತ್ಯಾಸ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಬೇಕು. ಚೀಟಿಯನ್ನು ಪ್ರಾಮಾಣಿಕವಾಗಿ ಎತ್ತಿದರೇ ಎಂಬುದು ಒಂದು. ಗಡಿಗೆಯೊಳಗೆ ಯಾರ ಹೆಸರನ್ನು ಹಾಕಿದರು, ಯಾರ ಹೆಸರನ್ನು ಬಿಟ್ಟರು ಎಂಬುದು ಇನ್ನೊಂದು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಪರಾಂತಕನ ಕಾಲದ, ಹತ್ತನೆಯ ಶತಮಾನದ ಶಾಸನವಿದೆ. ಊರ ಸಭೆಯ ಸದಸ್ಯರನ್ನು ಓಲೆಗರಿಯ ಮೇಲೆ ಹೆಸರು ಬರೆದು, ಗಡಿಗೆಗೆ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸಿ ಆರಿಸುವ ವಿಧಾನವನ್ನು ಅದು ವಿವರವಾಗಿ ಹೇಳುತ್ತದೆ. ಎತ್ತುವ ಕ್ರಮದಲ್ಲಿ ಮೋಸಕ್ಕೆ ಎಡೆಯಿಲ್ಲ. ಆದರೆ ಗಡಿಗೆಗೆ ಹೆಸರು ಬೀಳಲು ಇಂತಿಷ್ಟು ಭೂಮಿ, ಸ್ವಂತ ಮನೆ, ವೇದವಿದ್ಯೆ ಬೇಕಿತ್ತು. ಉಳುವವನ ಹೆಸರು ಆ ಗಡಿಗೆಯನ್ನು ಕಾಣಲೇ ಇಲ್ಲ. ಚೀಟಿಗೆ ಪಕ್ಷಪಾತವಿಲ್ಲ ನಿಜ, ಗಡಿಗೆಗೆ ಇರಬಹುದು.

ಅಮೆರಿಕದ ಗಡಿಗೆಯ ಬಾಯಿ ಕಾಲಕಾಲಕ್ಕೆ ಹೇಗೆ ಹಿಗ್ಗಿತು, ಕುಗ್ಗಿತು ಎಂಬುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ‘ಬಿಳಿಯರಲ್ಲ’ವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1946ರಲ್ಲಿ ಪೌರತ್ವದ ಬಾಗಿಲು ತೆರೆಯಿತು. ಆದರೆ ವಲಸೆಗೆ ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಮಿತಿ. 1965ರ ಕಾಯಿದೆಯು ಮೂಲದೇಶವಾರು ಪಾಲನ್ನು ರದ್ದುಗೊಳಿಸಿದ ಬಳಿಕವೇ ನಮ್ಮ ವೈದ್ಯರು, ಎಂಜಿನಿಯರರು ದೊಡ್ಡ ಸಂಖ್ಯೆಯಲ್ಲಿ ಹೋದದ್ದು. 1922ರಲ್ಲಿ ಹುಟ್ಟಿದ ಕನ್ನಡಿಗನಿಗಿಂತ 1952ರಲ್ಲಿ ಹುಟ್ಟಿದ ಕನ್ನಡಿಗ ಹೆಚ್ಚು ಯೋಗ್ಯನಾಗಿದ್ದನೇ? ಇಬ್ಬರ ಯೋಗ್ಯತೆಯೂ ಇದ್ದಷ್ಟೇ ಇತ್ತು, ಬದಲಾದದ್ದು ಕಾಯಿದೆ.

ವೈವಿಧ್ಯ ವೀಸಾದ ಚೀಟಿ ನಮಗಿಲ್ಲದಿದ್ದರೂ ಬೇರೆ ಚೀಟಿಗಳು ನಮ್ಮವರನ್ನು ಬಿಟ್ಟಿಲ್ಲ. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾ ವರ್ಷಕ್ಕೆ 85,000; ಕೇಳುವವರು ಅದರ ಹಲವು ಪಟ್ಟು. ಯಾರಿಗೆಂಬುದನ್ನು ಬಹುಕಾಲ ಯಂತ್ರದ ಚೀಟಿಯೇ ತೀರ್ಮಾನಿಸಿತು. ಬ್ರಿಟನ್ 2023ರಲ್ಲಿ 18ರಿಂದ 30 ವಯಸ್ಸಿನ ಭಾರತೀಯ ಪದವೀಧರರಿಗೆ ಎರಡು ವರ್ಷದ ವಾಸಕ್ಕಾಗಿ ವರ್ಷಕ್ಕೆ 3,000 ಸ್ಥಾನಗಳ ಚೀಟಿಯನ್ನು ಆರಂಭಿಸಿತು. ಅಮೆರಿಕದಲ್ಲಿ ನೌಕರಿಯ ಆಧಾರದ ಮೇಲೆ ಕಾಯಂ ವಾಸ ಬಯಸುವವರಿಗೆ ವರ್ಷಕ್ಕೆ ಸುಮಾರು 1,40,000 ಸ್ಥಾನಗಳಿದ್ದರೂ, ಸಾಮಾನ್ಯವಾಗಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ. ಹೀಗಾಗಿ ಭಾರತದಲ್ಲಿ ಹುಟ್ಟಿದವರ ಸರತಿ ಹತ್ತಾರು ವರ್ಷಗಳಷ್ಟು ಉದ್ದವಾಗಿದೆ. ಎರಡು ವರ್ಷದ ಕೂಸಾಗಿ ತಂದೆತಾಯಿಯೊಡನೆ ಹೋಗಿ, ಅಲ್ಲಿಯೇ ಅಕ್ಷರ ಕಲಿತ ಮಗುವಿಗೆ 21 ತುಂಬಿದಾಗ ತಂದೆಯ ವೀಸಾದ ನೆರಳು ತಪ್ಪುತ್ತದೆ. ಆ ದೇಶ ತನ್ನದಲ್ಲವೆಂದು ಆ ಮಗುವಿಗೆ ಗೊತ್ತಾಗುವುದು ಕಾಲೇಜಿನ ಅಂಗಳದಲ್ಲಿ. ಅಲ್ಲಿಯೇ ಹುಟ್ಟಿದ ತಂಗಿಗೆ ಆ ಚಿಂತೆಯಿಲ್ಲ. ಒಂದೇ ಮನೆಯಲ್ಲಿ ಮತ್ತೆ ಅದೇ ಅಣ್ಣತಮ್ಮಂದಿರ ಕಥೆ.

ತಿಕೋಂಡಿಯಂಥ ಊರಿನವರಿಗೆ ಈ ಮಾತು ಅರ್ಥವಾಗಲು ಅಮೆರಿಕದವರೆಗೆ ಹೋಗಬೇಕಿಲ್ಲ. ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಇಲ್ಲಿಯೇ ಉಳಿಯಿತು. 1960ರಲ್ಲಿ ಇದು ಮಹಾರಾಷ್ಟ್ರವಾಯಿತು. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಹೊಲ ಕದಲಲಿಲ್ಲ, ಮನೆ ಕದಲಲಿಲ್ಲ, ನಾಲಿಗೆಯ ಮೇಲಿನ ಕನ್ನಡವೂ ಕದಲಲಿಲ್ಲ. ಆದರೂ ಗಡಿಯ ಆಚೆ ಕೊಟ್ಟ ಮಗಳ ಮಕ್ಕಳಿಗೆ ಒಂದು ಸರಕಾರದ ಶಾಲಾಪುಸ್ತಕ, ಈಚೆ ಉಳಿದ ಮಗನ ಮಕ್ಕಳಿಗೆ ಇನ್ನೊಂದು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಪ್ರತ್ಯೇಕ ನಿಯಮದಡಿ ಜತ್ತದ ಮಕ್ಕಳು ತಮ್ಮ ಅರ್ಹತೆಯನ್ನು ಕಾಗದಪತ್ರಗಳಿಂದ ಸಿದ್ಧಪಡಿಸಬೇಕು. ಇಲ್ಲಿ ಚೀಟಿಯನ್ನೂ ಎತ್ತಲಿಲ್ಲ. ಬೇರೆ ಯಾರೋ ನಕಾಶೆಯ ಮೇಲೆ ಗೆರೆ ಎಳೆದರು.

ಹಾಗಾದರೆ ಹುಟ್ಟೇ ಮೊದಲ ಚೀಟಿ. ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ಪ್ರಕಟವಾದ ತಮ್ಮ ನ್ಯಾಯಸಿದ್ಧಾಂತದ ಗ್ರಂಥದಲ್ಲಿ, ಹುಟ್ಟಿನಿಂದ ಬಂದ ಸ್ಥಾನಮಾನಕ್ಕೆ ಯಾರೂ ನೈತಿಕವಾಗಿ ಅರ್ಹರಲ್ಲವೆಂದು ವಾದಿಸಿದರು. ಜೋಸೆಫ್ ಕರೆನ್ಸ್ ಎಂಬವರು 1987ರಲ್ಲಿ ಆ ವಾದವನ್ನು ದೇಶಗಳ ಗಡಿಗೂ ಹಚ್ಚಿ, ಶ್ರೀಮಂತ ದೇಶದ ಪೌರತ್ವವು ಹಳೆಯ ಕಾಲದ ಜಹಗೀರಿಯಂತೆ ಹುಟ್ಟಿನಿಂದ ಬರುವ ಸವಲತ್ತೆಂದರು. ಇದಕ್ಕೆ ಎದುರು ಮಾತೂ ಇದೆ. ಒಂದು ಜನಸಮುದಾಯ ತನ್ನ ಮನೆಯನ್ನು ತಾನೇ ಕಟ್ಟಿಕೊಂಡಿರುತ್ತದೆ, ಬಾಗಿಲ ಮೇಲೆ ಅದಕ್ಕೆ ಅಧಿಕಾರ ಬೇಡವೇ? ಬೇಕು. ತಮ್ಮ ಊರು, ನುಡಿ, ನೀರುಗಳ ಮೇಲೆ ಮಾತು ನಡೆಯಬೇಕೆಂದು ಕೇಳುವ ಗಡಿನಾಡಿನವರು ಇತರರಿಗೆ ಆ ಅಧಿಕಾರವಿಲ್ಲವೆನ್ನಲಾರೆವು. ಆದರೆ ಬಾಗಿಲು ಕಾಯುವ ಅಧಿಕಾರವಿದ್ದವನು ಯಾರನ್ನು ಏಕೆ ಬಿಡುವುದಿಲ್ಲವೆಂಬುದಕ್ಕೆ ಒಪ್ಪತಕ್ಕ ಕಾರಣ ಕೊಡಬೇಕು. ‘ನೀನು ಅಲ್ಲಿ ಹುಟ್ಟಿದೆ’ ಎಂಬುದು ಮನುಷ್ಯನಿಗೆ ಕೊಡುವ ಕಾರಣವಲ್ಲ.

ಚೀಟಿಗಿಂತ ಯೋಗ್ಯತೆ ನೋಡಿ ಕೊಡುವುದು ಮೇಲಲ್ಲವೇ ಎಂದು ಹಲವರು ಕೇಳುತ್ತಾರೆ. ಓದು, ಭಾಷೆ, ವಯಸ್ಸುಗಳಿಗೆ ಅಂಕ ಹಾಕುವ ಕೆನಡಾ, ಆಸ್ಟ್ರೇಲಿಯಾಗಳ ಕ್ರಮ ಅಂಥದು. ಅದರಲ್ಲಿ ಶ್ರಮಕ್ಕೆ ಬೆಲೆಯಿದೆ. ಆದರೆ ಮಳೆಯಿಲ್ಲದ ವರ್ಷ ಶಾಲೆ ಬಿಟ್ಟು ಕಬ್ಬಿನ ಗ್ಯಾಂಗಿಗೆ ಹೋದ ಹುಡುಗನಿಗೂ, ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವನಿಗೂ ಒಂದೇ ಅಳತೆಗೋಲು ಹಿಡಿದರೆ, ಅಂಕದ ಹೆಸರಿನಲ್ಲಿ ಮೊದಲ ಚೀಟಿಯ ಫಲವನ್ನೇ ಮತ್ತೊಮ್ಮೆ ಎಣಿಸಿದಂತಾಗುತ್ತದೆ. ಚೀಟಿಯಲ್ಲಿ ಒಂದು ಪ್ರಾಮಾಣಿಕತೆಯಿದೆ. ಅದು ಗೆದ್ದವನಿಗೆ ‘ನೀನು ಮೇಲು’ ಎನ್ನುವುದಿಲ್ಲ, ಸೋತವನಿಗೆ ‘ನೀನು ಕೀಳು’ ಎನ್ನುವುದಿಲ್ಲ. ಅರ್ಹರೆಲ್ಲ ಗಡಿಗೆಯೊಳಗಿದ್ದು, ಸ್ಥಾನ ಮಾತ್ರ ಕಡಿಮೆಯಿದ್ದಾಗ ಚೀಟಿ ನ್ಯಾಯವೇ ಎಂದು ನಮ್ಮ ಅಭಿಮತ. ಅನ್ಯಾಯ ಹುಟ್ಟುವುದು ಗಡಿಗೆಯ ಬಾಯಿಯಲ್ಲಿ. ಎರಡನೆಯ ಅನ್ಯಾಯ ಹುಟ್ಟುವುದು ಗೆದ್ದವನ ಮನಸ್ಸಿನಲ್ಲಿ.

ಗೆದ್ದವನು ಕೆಲವು ವರ್ಷಗಳಲ್ಲಿ ಚೀಟಿಯನ್ನು ಮರೆಯುತ್ತಾನೆ. ನಡುರಾತ್ರಿಯವರೆಗೆ ದುಡಿದದ್ದು ನಿಜ, ಚಳಿಯಲ್ಲಿ ಒಂಟಿಯಾಗಿ ಅತ್ತದ್ದು ನಿಜ. ಆ ಶ್ರಮವೆಲ್ಲ ಸೇರಿ, ಬಾಗಿಲು ತೆರೆದದ್ದೂ ತನ್ನ ಶ್ರಮದಿಂದಲೇ ಎಂಬ ಭಾವ ಬೆಳೆಯುತ್ತದೆ. ಊರಿಗೆ ಬಂದಾಗ ಉಳಿದವರನ್ನು ಕಂಡು ‘ಇವರು ಧೈರ್ಯ ಮಾಡಲಿಲ್ಲ’ ಎನ್ನುವ ಮಾತು ಬಾಯಿಗೆ ಬರುತ್ತದೆ. ಅಷ್ಟೇ ಶ್ರಮಪಟ್ಟು, ಮೂರು ಸಲ ಹೆಸರು ಕೊಟ್ಟು, ಬಾರದೆ ಉಳಿದ ಗೆಳೆಯ ಅದೇ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಇತ್ತ ಅವನ ತಂದೆತಾಯಿ ‘ನಮ್ಮ ಹಣೆಬರಹ’ ಎಂದು ನಿಟ್ಟುಸಿರಿಡುತ್ತಾರೆ. ಒಬ್ಬನು ಅದೃಷ್ಟವನ್ನು ಅರ್ಹತೆಯೆಂದ, ಇನ್ನೊಬ್ಬನು ದುರದೃಷ್ಟವನ್ನು ದೋಷವೆಂದ. ಎರಡೂ ತಪ್ಪು ಎಣಿಕೆ. ಮನೆಯಲ್ಲಿ ಸೋತ ಮಗನಿದ್ದರೆ ಹಿರಿಯರು ಈ ಒಂದು ಮಾತನ್ನು ಅವನಿಗೆ ಬಿಡಿಸಿ ಹೇಳಬೇಕು: ಯಂತ್ರ ನಿನ್ನ ಯೋಗ್ಯತೆಯನ್ನು ನೋಡಲೇ ಇಲ್ಲ ಮಗು, ನೋಡದ್ದು ತೀರ್ಪಾಗಲಾರದು.

ಊರು ಬಿಟ್ಟು ಹೋಗುವುದೇ ದ್ರೋಹವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಬರಗಾಲದ ಸೀಮೆಯಲ್ಲಿ ನೀರಿದ್ದ ಕಡೆ ಕುರಿ ಹೊಡೆದುಕೊಂಡು ಹೋಗುವುದು ನಮ್ಮವರ ಹಳೆಯ ಬದುಕು. ಹೋಗುವುದರಲ್ಲಿ ಪಾಪವಿಲ್ಲ, ಹೋದ ಮೇಲೆ ಏನು ಸಲ್ಲಿಸಬೇಕೆಂಬುದೇ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ತಾಲೂಕಿನ ಮಣ್ಣಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು, ಅದರ ಪಕ್ಕದಲ್ಲಿಯೇ ದಾಸೋಹವನ್ನು ನಿಲ್ಲಿಸಿದರು. ತನ್ನದೆಂದು ಬಂದದ್ದು ತನ್ನೊಬ್ಬನದಲ್ಲ ಎಂಬ ಅರಿವು ಅದು. ಗುಡ್ಡಾಪುರದ ದಾನಮ್ಮ ತಾಯಿ ಆ ಪರಂಪರೆಯವಳು. ಲಿಂಗಮ್ಮನೆಂಬ ಹೆಸರಿನ ಹೆಣ್ಣುಮಗಳು ಕೊಡುಗೈಯಿಂದಲೇ ದಾನಮ್ಮಳಾದಳು. ಛಟ್ಟಿ ಅಮಾವಾಸ್ಯೆಗೆ ಅವಳ ಕಡೆಗೆ ಪಾದಯಾತ್ರೆ ಬರುವ ಸಾವಿರಾರು ಜನರಲ್ಲಿ ಕರ್ನಾಟಕದವರು ಯಾರು, ಮಹಾರಾಷ್ಟ್ರದವರು ಯಾರೆಂದು ದಾಸೋಹದ ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ. 2022ರ ಕೊನೆಯಲ್ಲಿ ಗಡಿಯ ಮಾತು ಕಾವೇರಿದ್ದಾಗ, ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕೋಂಡಿಯ ಕೆರೆಗೆ ಹರಿದು ಬಂತು. ರಾಜಕಾರಣ ಏನೇ ಇರಲಿ, ಬಾಯಾರಿದ ದನಕರುಗಳಿಗೆ ಗೆರೆಯಾಚೆಯ ನೀರೆಂಬ ಭೇದವಿರಲಿಲ್ಲ.

ಪರದೇಶದ ಪರವಾನಗಿ ಪಡೆದ ನಮ್ಮ ಮಕ್ಕಳು ಅದನ್ನು ಋಣವೆಂದು ತಿಳಿಯಲಿ. ಆ ಋಣವನ್ನು ತೀರಿಸಲು ದೇವಸ್ಥಾನದ ಫರಸಿಯ ಮೇಲೆ ಹೆಸರು ಕೆತ್ತಿಸಬೇಕಿಲ್ಲ. ಜತ್ತ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಪುಸ್ತಕ ಬೇಕು, ಮುಂದಿನ ದಾರಿ ತೋರುವವರು ಬೇಕು. ಮುಪ್ಪಿನ ತಂದೆತಾಯಿಗೆ ಹಣಕ್ಕಿಂತ ಹೆಚ್ಚಾಗಿ ವಾರಕ್ಕೊಮ್ಮೆ ನಿಧಾನವಾಗಿ ಆಡುವ ಮಾತು ಬೇಕು. ಊರಲ್ಲಿ ಉಳಿದು ಆ ತಂದೆತಾಯಿಯನ್ನು ನೋಡಿಕೊಳ್ಳುವ ತಮ್ಮನಿಗೆ, ಅವನ ಹೆಂಡತಿಗೆ, ಹೊಲದ ಪಾಲಿನಲ್ಲಿ ಅಣ್ಣನ ಔದಾರ್ಯ ಕಾಣಬೇಕು. ಎಲ್ಲಕ್ಕೂ ಮಿಗಿಲಾಗಿ, ಅವರು ವಾಸಿಸುವ ದೇಶದಲ್ಲಿ ತಮ್ಮ ಬೆನ್ನ ಹಿಂದೆ ಬಾಗಿಲು ಮುಚ್ಚಬೇಕೆಂಬ ಮಾತು ಕೇಳಿಬಂದಾಗ, ಒಳಗೆ ಬಂದವರಾದ ತಾವೂ ಅದಕ್ಕೆ ದನಿಗೂಡಿಸಬಾರದು.

ಉಳಿದವರಾದ ನಮಗೂ ಕರ್ತವ್ಯವಿದೆ. ಹುಟ್ಟಿನ ಚೀಟಿಯಲ್ಲಿ ನಮಗೂ ಕೆಲವು ಒಳ್ಳೆಯ ಪಾಲು ಬಂದಿವೆ: ಹೊಲ, ಮನೆ, ಓದು, ಸಂಘದ ಬಲ. ನಮ್ಮೂರ ಕಟ್ಟಡಕ್ಕೆ ಕಲ್ಲು ಹೊರಲು ದೂರದ ರಾಜ್ಯಗಳಿಂದ ಬಂದವರಿಗೆ ನಾವು ಪರರಾಜ್ಯ. ಅವರ ಮಗುವಿಗೆ ನಮ್ಮ ಶಾಲೆಯಲ್ಲಿ ಜಾಗ ಕೊಡುವುದು, ಅವರ ಮಾತನ್ನು ಹಂಗಿಸದಿರುವುದು ನಮ್ಮ ಪಾಲಿನ ಋಣ. ನಮ್ಮ ಮಕ್ಕಳಿಗೆ ಪರದೇಶದಲ್ಲಿ ಏನು ದೊರೆಯಲೆಂದು ಬಯಸುತ್ತೇವೆಯೋ ಅದನ್ನು ನಮ್ಮ ಅಂಗಳಕ್ಕೆ ಬಂದವರಿಗೆ ಮೊದಲು ಕೊಡೋಣ. ಈ ಸಾಹಿತ್ಯ ಮೇಳಕ್ಕೆ ದೂರದ ಊರುಗಳಿಂದ ಬಂದಿರುವ ಬಂಧುಗಳೂ, ಊರಲ್ಲಿಯೇ ಇದ್ದು ಅವರನ್ನು ಬರಮಾಡಿಕೊಂಡವರೂ ಒಂದೇ ಪಂಕ್ತಿಯಲ್ಲಿ ಕುಳಿತು ಈ ಮಾತನ್ನು ಚರ್ಚಿಸಲೆಂದು ಹಾರೈಸುತ್ತೇವೆ.