ಪರರ ಹಸ್ತಪ್ರತಿ, ನಮ್ಮ ಲೇಖನಿ

ಭಟ್ಕಳ, ಹೊನ್ನಾವರ ಅಥವಾ ಕುಮಟಾದ ನಿಮ್ಮ ಮನೆಯಲ್ಲಿ ಕಥೆ ಬರೆಯುವ ಮಗಳೊಬ್ಬಳು ಇದ್ದಾಳೆಂದು ಭಾವಿಸಿರಿ. ಪದವಿ ಮುಗಿಸಿದ ಅವಳು ಒಂದು ಸಂಜೆ, "ಬೆಂಗಳೂರಿನ ಸಾಹಿತ್ಯ ಏಜೆನ್ಸಿಯೊಂದರಲ್ಲಿ ಆರು ತಿಂಗಳು ತರಬೇತಿಗೆ ಹೋಗುತ್ತೇನೆ" ಎನ್ನುತ್ತಾಳೆ. ಅಲ್ಲಿ ಅವಳಿಗೆ ಏನು ಕೆಲಸ? ಬೇರೆಯವರು ಬರೆದು ಕಳುಹಿಸಿದ ಹಸ್ತಪ್ರತಿಗಳನ್ನು ಓದುವುದು, ಅವುಗಳ ಬಗ್ಗೆ ಅಭಿಪ್ರಾಯ ಬರೆಯುವುದು, ಪತ್ರಗಳಿಗೆ ಉತ್ತರಿಸುವುದು. ಆಗ ನಿಮ್ಮಲ್ಲಿ ಏಳುವ ಪ್ರಶ್ನೆ ಸಹಜವಾದುದು. ದೇವರು ಬರೆಯುವ ವರವನ್ನು ಕೊಟ್ಟಿರುವಾಗ ಪರರ ಬರಹಕ್ಕಾಗಿ ದಿನ ಕಳೆಯುವುದು, ಶುಭಸಂದೇಶದ ಆ ಸೇವಕನಂತೆ ತಲೆಂತನ್ನು ನೆಲದಲ್ಲಿ ಹೂತಿಟ್ಟಂತೆ ಅಲ್ಲವೇ?

ಸಾಹಿತ್ಯ ಏಜೆನ್ಸಿ ಎಂಬುದು ನಮಗೆ ಅಷ್ಟು ಪರಿಚಿತವಲ್ಲ. ಲೇಖಕನ ಪರವಾಗಿ ಪ್ರಕಾಶಕರನ್ನು ಹುಡುಕಿ, ಕರಾರು ಮಾಡಿಸಿ, ಅವನಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15ರಷ್ಟನ್ನು ಪಡೆಯುವ ಈ ಸಂಸ್ಥೆಗಳು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಲೋಕದವು. ಕನ್ನಡದಲ್ಲಿ ಲೇಖಕನು ನೇರವಾಗಿ ಪ್ರಕಾಶಕರ ಬಳಿಗೇ ಹೋಗುವುದು ರೂಢಿ. ಆದರೂ ಹಸ್ತಪ್ರತಿಯನ್ನು ಪ್ರೀತಿಯಿಂದ ಓದಿ ತಿದ್ದುವ ಕಾಯಕ ನಮ್ಮಲ್ಲಿಯೂ ನಡೆದಿದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಕಚೇರಿ 'ಅಟ್ಟ'ವೆಂದೇ ಹೆಸರಾಯಿತು. ಜೋಶಿಯವರು ಜಡಭರತ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದವರು. ಅವರ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರೂ ಕವಿ, ವಿಮರ್ಶಕರು. ಸ್ವತಃ ಬರೆಯಬಲ್ಲ ಇವರು ಪರರ ಪುಸ್ತಕಗಳಿಗಾಗಿ ದುಡಿದರು. ನಮ್ಮದೇ ಜಿಲ್ಲೆಯ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿಯೂ, ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿಯೂ ಹೊರಬಂದದ್ದು ಈ ಗ್ರಂಥಮಾಲೆಯಿಂದ. ಕುರ್ತಕೋಟಿಯವರ ಸ್ವಂತ ಲೇಖನಿ ಇದರಿಂದ ಒಣಗಲಿಲ್ಲ. 1995ರಲ್ಲಿ ಅವರ 'ಉರಿಯ ನಾಲಗೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಪವಿತ್ರ ಗ್ರಂಥದಲ್ಲಿಯೂ ಇಂತಹ ಒಬ್ಬನಿದ್ದಾನೆ. ಪ್ರವಾದಿ ಯೆರೆಮೀಯನು ಹೇಳಿದ್ದನ್ನೆಲ್ಲ ಸುರುಳಿಯಲ್ಲಿ ಬರೆದುಕೊಂಡವನು ಬಾರೂಕ. ಅರಸ ಯೆಹೋಯಾಕೀಮನು ಆ ಸುರುಳಿಯನ್ನು ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕಿದ. ಬಾರೂಕನು ಮತ್ತೊಮ್ಮೆ ಕುಳಿತು ಎಲ್ಲವನ್ನೂ ಬರೆದ. ಮಾತುಗಳು ಅವನವಲ್ಲ, ಶ್ರಮ ಮಾತ್ರ ಅವನದು. ಅವನಿಗೂ ದಣಿವಾಯಿತು, ದುಃಖವಾಯಿತು. ಆಗ ದೇವರು ಅವನಿಗೆ, ತನಗಾಗಿ ದೊಡ್ಡದೇನನ್ನೂ ಬಯಸದಿರುವಂತೆ ತಿಳಿಹೇಳಿ, ಪ್ರಾಣರಕ್ಷಣೆಯ ವಾಗ್ದಾನವನ್ನಿತ್ತರು. ಇಂದು ನಮ್ಮ ಕಥೋಲಿಕ ಬೈಬಲ್ಲಿನಲ್ಲಿ ಬಾರೂಕನ ಹೆಸರಿನದೇ ಒಂದು ಗ್ರಂಥವಿದೆ ಎಂಬುದನ್ನು ಗಮನಿಸಿರಿ.

ಹಾಗೆಂದು ಪರರ ಬರಹದ ಸೇವೆಯೆಲ್ಲ ತಾನಾಗಿಯೇ ಪುಣ್ಯಕಾರ್ಯವಾಗುವುದಿಲ್ಲ. ಅಲ್ಲಿ ಶೋಧನೆಗಳಿವೆ. ತನಗಿಂತ ಚೆನ್ನಾಗಿ ಬರೆದವನನ್ನು ಕಂಡಾಗ ಅಸೂಯೆ ಹುಟ್ಟುತ್ತದೆ. ಕೆಟ್ಟದಾಗಿ ಬರೆದವನನ್ನು ಕಂಡಾಗ ತಾತ್ಸಾರ ಹುಟ್ಟುತ್ತದೆ. ಮೇಜಿನ ಮೇಲಿನ ಆ ಕಾಗದದ ಕಟ್ಟು ಯಾರೋ ನಿವೃತ್ತ ಶಿಕ್ಷಕರು ಹತ್ತು ವರ್ಷ ರಾತ್ರಿ ಎದ್ದು ಬರೆದದ್ದಾಗಿರಬಹುದು. ಎರಡು ಪುಟ ಓದಿ ಬದಿಗೆಸೆಯುವುದು ಸುಲಭ. ನಿಲ್ಲಿಸಬೇಕಾದ ಬರಹವನ್ನು ನಿಲ್ಲಿಸಲೇಬೇಕು, ನಿಜ. ಆದರೆ ಸತ್ಯವನ್ನು ನೋಯಿಸದಂತೆ ಹೇಳುವುದನ್ನು ಕಲಿತವನು ನೆರೆಯವನನ್ನು ಪ್ರೀತಿಸುವುದನ್ನು ಕಲಿತಂತೆಯೇ. ಇನ್ನು, ಪ್ರಕಟವಾಗದ ಹಸ್ತಪ್ರತಿಯ ಕಥಾಬೀಜವನ್ನು ಗುಟ್ಟಾಗಿ ತನ್ನದಾಗಿಸಿಕೊಳ್ಳುವುದು ಕಳ್ಳತನವೇ. ಯಾರೂ ನೋಡಲಿಲ್ಲವೆಂಬುದರಿಂದ ಅದು ಬೇರೆಯಾಗುವುದಿಲ್ಲ.

ಕೆಲಸ ಮಾಡಿಸಿಕೊಳ್ಳುವವರಿಗೂ ಇಲ್ಲಿ ಒಂದು ಮಾತಿದೆ. 'ಕಲಿಯಲು ಅವಕಾಶ ಕೊಟ್ಟಿದ್ದೇವೆ' ಎಂಬ ನೆಪದಿಂದ ತಿಂಗಳುಗಟ್ಟಲೆ ಬಿಟ್ಟಿ ದುಡಿಸುವುದು ನ್ಯಾಯವಲ್ಲ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಾಕೋಬರ ಪತ್ರ ಎಚ್ಚರಿಸುತ್ತದೆ. ಸಂಬಳವಿಲ್ಲದೆ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಬದುಕಬಲ್ಲವರ ಮಕ್ಕಳಿಗೆ ಮಾತ್ರ ಆ ಬಾಗಿಲು ತೆರೆಯುವುದಾದರೆ, ಮೀನುಗಾರನ ಮಗಳ ಕಥೆಯನ್ನು ಓದುವವರಾರು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಸೇವಕನು ತಲೆಂತನ್ನು ಏಕೆ ಹೂತಿಟ್ಟ? ಪರರ ಸೇವೆ ಮಾಡಲೆಂದಲ್ಲ, ಅವನು ಹೆದರಿದ್ದ. ವ್ಯತ್ಯಾಸವಿರುವುದು ಇಲ್ಲಿಯೇ. ಪರರ ಹಸ್ತಪ್ರತಿ ಓದುವವನು ಅದರಿಂದ ಕಲಿಯುತ್ತಾ ತನ್ನ ಬರಹಕ್ಕೂ ದಿನಕ್ಕೊಂದು ಗಂಟೆಯನ್ನು ಉಳಿಸಿಕೊಂಡರೆ ಆ ಕೆಲಸ ಅವನಿಗೆ ಶಾಲೆ. ತನ್ನ ಖಾಲಿ ಹಾಳೆಗೆ ಹೆದರಿ ಪರರ ಪುಟಗಳ ಹಿಂದೆ ಅಡಗಿಕೊಂಡರೆ ಅದೇ ಕೆಲಸ ತಲೆಂತನ್ನು ಹೂಳುವ ಗುಂಡಿ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಒಳಗಿನದನ್ನು ಅವಳೇ ಪರೀಕ್ಷಿಸಿಕೊಳ್ಳಬೇಕು.

ಆದುದರಿಂದ, ತಂದೆತಾಯಿಯರೇ, ಮಗಳನ್ನು ತಡೆಯಬೇಡಿರಿ. ಸಂಬಳವೆಷ್ಟು ಎಂದು ಕೇಳಿರಿ, ಅದು ನಿಮ್ಮ ಹಕ್ಕು. ಆದರೆ ಊರಿಗೆ ಬಂದಾಗಲೆಲ್ಲ, "ನೀನು ಏನು ಬರೆದೆ ಮಗಾ?" ಎಂದೂ ಕೇಳಿರಿ. ಪ್ರಭು ಯೇಸು ಕರೆದಾಗ ಯಾಕೋಬ ಮತ್ತು ಯೊವಾನ್ನರು ತಂದೆಯ ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರು. ತದಡಿಯಲ್ಲಾಗಲಿ ಕಾಸರಕೋಡಿನಲ್ಲಾಗಲಿ ದಡದಲ್ಲಿ ಕುಳಿತು ಬಲೆ ಹೆಣೆಯುವವರನ್ನು ನೀವು ಕಂಡಿದ್ದೀರಿ. ಇನ್ನೊಬ್ಬರ ಬಲೆ ಹೆಣೆದ ಕೈ ಕೆಲಸ ಮರೆಯುವುದಿಲ್ಲ. ಆದರೆ ಒಂದು ದಿನ ಅದು ತನ್ನ ದೋಣಿಯನ್ನೂ ನೀರಿಗಿಳಿಸಬೇಕು.