ಊಟ ತನ್ನಿಚ್ಛೆ, ಬರಹ ಯಾರಿಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತಾರೆ. ಉಣ್ಣುವುದು ನಮಗೆ ರುಚಿಸಿದ್ದನ್ನು, ಉಡುವುದು ನಾಲ್ಕು ಜನ ಮೆಚ್ಚುವುದನ್ನು. ಹಾಗಾದರೆ ಬರವಣಿಗೆ ಈ ಎರಡರಲ್ಲಿ ಯಾವ ಸಾಲಿಗೆ ಸೇರಿದ್ದು? ದೊಡ್ಡ ಸಾಹಿತಿಗಳ ಮಾತು ಬಿಡಿ. ರಾತ್ರಿ ಪಾತ್ರೆ ತೊಳೆದಿಟ್ಟು, ಮರುದಿನದ ಪಾಠದ ಟಿಪ್ಪಣಿ ಮುಗಿಸಿ, ನಿದ್ದೆ ಎಳೆಯುತ್ತಿದ್ದರೂ ಒಂದು ಪುಟ ಬರೆದೇ ಮಲಗುವ ನನ್ನಂಥವರ ನೋಟ್‌ಬುಕ್ಕಿನ ಮಾತು ಇದು.

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ನಾನು ಕನ್ನಡ ಕಲಿಸುತ್ತೇನೆ. ಲೇತ್ ಮೆಷೀನುಗಳ ಸದ್ದು, ಗಾರ್ಮೆಂಟ್ಸ್ ಬಸ್ಸುಗಳ ಹಾರನ್ನು, 2014ರಿಂದ ತಲೆಯ ಮೇಲೆ ಓಡುವ ಮೆಟ್ರೋ, ಇವುಗಳ ನಡುವೆಯೇ ನಮ್ಮ ವ್ಯಾಕರಣ ಪಾಠ. ಮಕ್ಕಳು ರಾಯಚೂರಿನವರು, ಮಧುಗಿರಿಯವರು, ಒಡಿಶಾದವರು. ಅವರ ಮಾತುಗಳನ್ನು, ಅವರ ತಾಯಂದಿರ ಮಾತುಗಳನ್ನು ಬರೆದಿಡುತ್ತ ಬಂದೆ. ಒಮ್ಮೆ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಎರಡು ಪುಟ ಓದಿದೆ. ಆಮೇಲೆ ಪ್ರತಿ ತಿಂಗಳೂ ಓದಬೇಕಾಯಿತು. ಕೇಳುವವರು ಹೆಚ್ಚಾದ ಹಾಗೆ ಸಲಹೆಗಳೂ ಹೆಚ್ಚಾದವು.

‘ಇದರ ಜೊತೆ ನಾಲ್ಕು ಮನೆಮದ್ದು ಬರೆಯಿರಿ, ಉಪಯೋಗಕ್ಕೆ ಬರುತ್ತೆ’ ಎನ್ನುತ್ತಾರೆ ಸಮಾಜದ ಅಧ್ಯಕ್ಷೆ. ‘ಪೇಪರಿಗೆ ಕಳಿಸಿ, ಹೆಸರು ಬರುತ್ತೆ’ ಎನ್ನುತ್ತಾರೆ ನಮ್ಮ ಗಣಿತದ ಮೇಡಂ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗಳದು ಬೇರೆ ರಾಗ: ‘ಅಮ್ಮ, ನಿನ್ನ ವಿಷಯ ಎಷ್ಟಾದ್ರೂ ಬರ್ಕೋ, ನನ್ನ ಮದುವೆ ಸುದ್ದಿ ಮಾತ್ರ ಬೇಡ.’ ಯಜಮಾನರು ಏನೂ ಹೇಳುವುದಿಲ್ಲ. ನೋಟ್‌ಬುಕ್ಕು ಕಂಡರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಮುಂದೆ ಇದು ಯಾವ ದಾರಿ ಹಿಡಿಯಬೇಕು? ಉಪಯೋಗದ ದಾರಿಯೇ, ಹೆಸರಿನ ದಾರಿಯೇ, ಇಲ್ಲ ಕಪಾಟು ಸೇರುವ ದಾರಿಯೇ?

ನಮಗಿಂತ ಎಷ್ಟೋ ಮೊದಲು ಲೇಖನಿ ಹಿಡಿದ ಹೆಣ್ಣುಮಕ್ಕಳ ಕಡೆ ನೋಡೋಣ. ನಂಜನಗೂಡು ತಿರುಮಲಾಂಬ (1887-1982) ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಆಮೇಲೆ ಬರೆಯುವುದನ್ನು ನಿಲ್ಲಿಸಿ, ಬದುಕಿನ ಕೊನೆಯ ದಶಕಗಳನ್ನು ಮೌನದಲ್ಲೇ ಕಳೆದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಒಬ್ಬರು ನಿಲ್ಲಿಸಿದರು, ಒಬ್ಬರು ನಡೆಸಿದರು. ಯಾರು ಸರಿ ಎಂದು ಅಂಕ ಹಾಕಲು ಇದು ಉತ್ತರಪತ್ರಿಕೆಯಲ್ಲ. ನಿಲ್ಲಿಸಿದವರನ್ನೂ ಕನ್ನಡ ಬಿಟ್ಟುಕೊಡಲಿಲ್ಲ. ವಿಜಯಾ ದಬ್ಬೆಯವರಂಥ ಮುಂದಿನ ಪೀಳಿಗೆಯ ಲೇಖಕಿಯರು ತಿರುಮಲಾಂಬ ಅವರನ್ನು ಹುಡುಕಿ ಓದಿದರು. ಆದ್ದರಿಂದ ಎಷ್ಟು ಜನ ಓದುತ್ತಾರೆ, ಎಷ್ಟು ದಿನ ಓದುತ್ತಾರೆ ಎಂಬ ಲೆಕ್ಕ ನಮಗೆ ಕೈಮರವಾಗಲಾರದು.

ಗ್ರಂಥಮಾಲೆಗೆ ‘ಹಿತೈಷಿಣೀ’ ಎಂದು ಹೆಸರಿಟ್ಟದ್ದನ್ನು ಗಮನಿಸಿ. ಹಿತ ಬಯಸುವವಳು ಎಂದು ಅರ್ಥ. ಯಾರ ಹಿತ? ಓದುವವಳ ಹಿತ. ನನ್ನಂಥವಳ ಬರಹಕ್ಕೆ ಇನ್ನೊಬ್ಬಳ ಹಿತವೂ ಸೇರಿಕೊಂಡಿದೆ: ಯಾರ ಬಗ್ಗೆ ಬರೆಯುತ್ತೇನೋ ಅವಳದು.

ನಮ್ಮ ಶಾಲೆಯ ಹುಡುಗನೊಬ್ಬ ಪ್ರಬಂಧದಲ್ಲಿ ಬರೆದಿದ್ದ: ‘ಅಮ್ಮ ಫ್ಯಾಕ್ಟರಿಯಿಂದ ಬಂದ ಕೂಡಲೇ ಎರಡು ಚೊಂಬು ನೀರು ಕುಡಿಯುತ್ತಾಳೆ.’ ಕಾರಣವನ್ನು ಆ ತಾಯಿಯೇ ನನಗೆ ಹೇಳಿದರು. ಕೆಲಸದ ಹೊತ್ತಿನಲ್ಲಿ ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಟಾರ್ಗೆಟ್ ತಪ್ಪುತ್ತದೆ, ತಪ್ಪಿದರೆ ಸೂಪರ್‌ವೈಸರ್ ಎಲ್ಲರೆದುರು ಬಯ್ಯುತ್ತಾನೆ. ‘ಬರೀರಿ ಮಿಸ್, ಆದ್ರೆ ನಾನು ಅಂತ ಗೊತ್ತಾಗಬಾರ್ದು’ ಎಂದರು. ಹೆಸರು ಬದಲಿಸಿದರೆ ಸಾಕೆ? ನಮ್ಮ ಕಡೆ ಹುಟ್ಟಿದ ಊರು, ಮಗನ ತರಗತಿ, ಇಳಿಯುವ ಬಸ್ ಸ್ಟಾಪು ಹೇಳಿದರೆ ಹೆಸರನ್ನೇ ಹೇಳಿದ ಹಾಗೆ.

2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ನಿರ್ಬಂಧ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅಲ್ಲಿ ಎಲ್ಲರೂ ಕೂಡಿ ನಿಂತಿದ್ದರು. ನನ್ನ ಪುಟದಲ್ಲಾದರೋ ಈ ತಾಯಿ ಒಬ್ಬರೇ ನಿಲ್ಲಬೇಕು. ಚಪ್ಪಾಳೆ ಬಿದ್ದರೆ ನನಗೆ, ಕೆಲಸ ಹೋದರೆ ಅವರಿಗೆ. ಇದು ನ್ಯಾಯವೇ?

ಅದಕ್ಕೆ ಸಮಾಜದಲ್ಲಿ ಓದುವ ಮೊದಲು, ಒಂದು ಭಾನುವಾರ ಅವರಿಗೇ ಓದಿ ಹೇಳಿದೆ. ಗಂಟೆಗೆ ಎಷ್ಟು ಕಾಲರ್ ಹೊಲಿಯಬೇಕು ಎಂಬ ಸಾಲನ್ನು ತೆಗೆಸಿದರು. ನನಗೆ ಅದೇ ಸಾಲು ಬಹಳ ಹಿಡಿಸಿತ್ತು. ಆಮೇಲೆ ಹೇಳಿದರು: ‘ನಂಗೆ ಮೆಷೀನ್ ಚೆನ್ನಾಗಿ ಬರುತ್ತೆ, ಹೊಸಬರಿಗೆ ನಾನೇ ಕಲಿಸ್ತೀನಿ. ಅದನ್ನೂ ಬರೀರಿ. ಬರೀ ಅಯ್ಯೋ ಪಾಪ ಅನ್ನೋ ಹಂಗೆ ಬೇಡ ಮಿಸ್.’ ಆ ಮಾತು ನನ್ನ ಲೇಖನಿಗೆ ತಾನಾಗಿ ಬರುವಂಥದ್ದಲ್ಲ. ಇಲ್ಲಿ ಬರೆದಿರುವಷ್ಟಕ್ಕೆ ಅವರ ಒಪ್ಪಿಗೆ ಇದೆ.

‘ಹೀಗೆ ಎಲ್ಲರನ್ನೂ ಕೇಳುತ್ತ ಕೂತರೆ ಸತ್ಯ ಬರೆಯುವುದು ಹೇಗೆ? ಕುಡಿದು ಬಂದು ಹೊಡೆಯುವ ಗಂಡನನ್ನೂ ಕೇಳಬೇಕೆ?’ ಎಂದು ನೀವು ಕೇಳಬಹುದು. ಬೇಡ. ಬರಹದಿಂದ ಮುಖಭಂಗವಾಗುವವನ ಅಪ್ಪಣೆ ಬೇರೆ, ಬರಹದಿಂದ ಅನ್ನಕ್ಕೆ ಕುತ್ತು ಬರುವವಳ ಒಪ್ಪಿಗೆ ಬೇರೆ. ಏಟು ತಿಂದವಳನ್ನು ಕೇಳೋಣ, ಏಟು ಕೊಟ್ಟವನನ್ನಲ್ಲ. ಅವಳು ಬೇಡವೆಂದರೆ, ಪುಟ ಎಷ್ಟೇ ಚೆನ್ನಾಗಿರಲಿ, ಕಪಾಟಿನಲ್ಲೇ ಇರಲಿ. ಮಗಳ ಮದುವೆ ಸುದ್ದಿಗೂ ಇದೇ ನಿಯಮ. ಯಜಮಾನರ ಪೇಪರಿನ ಸಾಲನ್ನು ಅವರಿಗೆ ಓದಿ ಹೇಳಿಯೇ ಇಲ್ಲಿ ಇಟ್ಟಿದ್ದೇನೆ, ನಕ್ಕು ಸುಮ್ಮನಾದರು.

ಹಾಗಾಗಿ ಅಧ್ಯಕ್ಷೆಯವರು ಕ್ಷಮಿಸಬೇಕು, ಮನೆಮದ್ದು ನನ್ನಿಂದಾಗದು. ಅಚ್ಚಿಗೆ ಹೋಗುವುದು, ಹೆಸರು ಬರುವುದು ಆಮೇಲಿನ ಮಾತು. ಬರೆಯುವುದು ನನ್ನಿಚ್ಛೆ, ಅದನ್ನು ಹೊರಗೆ ಓದುವುದು, ಅದರಲ್ಲಿ ಯಾರ ಬದುಕಿದೆಯೋ ಅವರಿಚ್ಛೆ. ಕೇಳುವವರ ಇಚ್ಛೆಗೆ ಮೂರನೆಯ ಮಣೆ.

ನಿಮ್ಮ ಬೀರುವಿನಲ್ಲೂ ಸೀರೆಗಳ ಕೆಳಗೆ ಇಂಥದೊಂದು ನೋಟ್‌ಬುಕ್ಕು ಇರಬಹುದು. ಅದನ್ನು ಮುಂದುವರಿಸಲೇ, ನಿಲ್ಲಿಸಲೇ, ಯಾರಿಗಾದರೂ ತೋರಿಸಲೇ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಅದರೊಳಗೆ ಇರುವವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿ ನೋಡಿ. ಮುಂದಿನ ಪುಟ ಯಾವ ಕಡೆ ಹೋಗಬೇಕೆಂದು ಬಹಳ ಮಟ್ಟಿಗೆ ಅವರ ಮುಖವೇ ಹೇಳುತ್ತದೆ.