ಪಾಳಿ ಬಂದಾಗ ಏನು ಹೇಳುವುದು

ನಮ್ಮ ಕಡೆ ಆಸ್ಪತ್ರೆ ಎನ್ನುವ ಮಾತು ದೊಡ್ಡ ಕಟ್ಟಡಕ್ಕೆ ಮೀಸಲು. ಊರ ಹತ್ತಿರದ ಡಾಕ್ಟರು ಕೂತು ನೋಡುವ ಜಾಗ ದವಾಖಾನಿ. ಗದಗ ತಾಲ್ಲೂಕಿನ ಅಂತೂರ-ಬೆಂತೂರದ ಸುತ್ತಿನ ಎರೆ ಸೀಮೆಯಲ್ಲಿ ಯಾರಾದರೂ ದವಾಖಾನಿಗೆ ಹೋಗಿ ಬಂದರೆ ಕಟ್ಟೆಯ ಮೇಲೆ ಕೂತವರು ಕೇಳುವ ಮೊದಲ ಪ್ರಶ್ನೆ, ‘ಸೂಜಿ ಮಾಡ್ಯಾರೇನು?’ ಮಾಡಿದ್ದರೆ ಹೋದದ್ದು ಸಾರ್ಥಕ. ಉಪ್ಪು ಕಡಿಮೆ ಮಾಡಿರಿ, ತಿಂಗಳು ಬಿಟ್ಟು ಬನ್ನಿರಿ ಎಂದಷ್ಟೇ ಹೇಳಿ ಕಳಿಸಿದ್ದರೆ, ‘ಏನೂ ಮಾಡ್ಲಿಲ್ಲ, ಬರೇ ಮಾತಾಡಿ ಕಳಿಸಿದ್ರು’ ಎಂದು ವರದಿಯಾಗುತ್ತದೆ.

ಓದಿದವರು ಇದನ್ನು ಅಜ್ಞಾನವೆಂದು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾದು, ಬಾಕಿನ ಮೇಲೆ ಎರಡು ತಾಸು ಕೂತು ಬಂದವಳಿಗೆ ಮನೆಗೆ ಒಯ್ಯಲು ಏನಾದರೂ ಬೇಕು. ಸೂಜಿ ಆ ದಿನದ ರಸೀದಿ. ಮಾತಿಗೆ ರಸೀದಿ ಇಲ್ಲ. ಡಾಕ್ಟರು ಆಡಿದ ಮಾತೇ ಔಷಧವಾಗಿತ್ತು ಎಂದು ಗಂಡನಿಗೋ ಅತ್ತೆಗೋ ಹೇಳಿ ನಂಬಿಸುವುದು ಸುಲಭವಲ್ಲ.

ಹಾಗಾದರೆ ದವಾಖಾನೆಯನ್ನು ಚೆನ್ನಾಗಿ ಬಳಸಿಕೊಳ್ಳುವುದು ಎಂದರೇನು? ಗೋಡೆಗೆ ಅಂಟಿಸುವ ಸೂಚನೆಯ ವಿಷಯದಂತೆ ಇದು ಕಾಣುತ್ತದೆ. ಹಳೆಯ ಚೀಟಿ ತನ್ನಿರಿ, ಪಾಳಿ ತಪ್ಪಿಸಬೇಡಿರಿ, ಗುಳಿಗೆಯ ಹಾಳೆಯನ್ನು ಜೊತೆಗಿಟ್ಟುಕೊಳ್ಳಿರಿ. ಇವೆಲ್ಲ ಸರಿಯೇ. ಆದರೆ ಒಳಗೆ ಹೋದವರು ಖರ್ಚು ಮಾಡುವುದು ಗುಳಿಗೆಯನ್ನಷ್ಟೇ ಅಲ್ಲ, ಒಬ್ಬ ಮನುಷ್ಯನ ಗಮನವನ್ನು. ಆ ಗಮನ ಒಂದೇ ಕೊಡದಲ್ಲಿದೆ, ಹೊರಗೆ ಕೂತ ಎಲ್ಲರೂ ಅದರಿಂದಲೇ ತುಂಬಿಕೊಳ್ಳಬೇಕು. ಹಾಗಾಗಿ ಇದು ನ್ಯಾಯದ ಪ್ರಶ್ನೆಯೂ ಹೌದು.

ಲೆಕ್ಕ ಹಾಕಿ ನೋಡಿ. ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಸಂತೆಯ ದಿನ ಅಲ್ಲಿಗೆ 80 ಮಂದಿ ಬಂದರು, ಡಾಕ್ಟರು ಮೇಲೇಳದೆ ನಾಲ್ಕು ತಾಸು ನೋಡಿದರು ಎಂದಿಟ್ಟುಕೊಂಡರೂ ತಲೆಗೆ ಮೂರು ನಿಮಿಷ. ಅದರಲ್ಲೇ ಹೆಸರು ಬರೆಯಬೇಕು, ಸ್ವೆಟರು ಬಿಚ್ಚಬೇಕು, ಕೂಸು ಅಳಬೇಕು. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಮೊದಲ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಾವು ಯಾವ ತುದಿಗೆ ಹತ್ತಿರ ಎಂದು ನಮ್ಮ ದವಾಖಾನಿಯ ಬಾಗಿಲಲ್ಲಿ ಒಂದು ಬೆಳಿಗ್ಗೆ ನಿಂತವರಿಗೆ ಹೇಳಬೇಕಾಗಿಲ್ಲ.

ಈ ಕೊರತೆಗೆ ರೋಗಿ ಕಾರಣನಲ್ಲ. ಡಾಕ್ಟರೂ ಅಲ್ಲ. ಭೋರ್ ಸಮಿತಿ ಹಳ್ಳಿಗೆ ವೈದ್ಯವನ್ನು ಒಯ್ಯುವ ಯೋಜನೆ ಬರೆದುಕೊಟ್ಟದ್ದು 1946ರಲ್ಲಿ. ಅಂದಿನಿಂದ ಬಂದ ಸರ್ಕಾರಗಳು ಉತ್ತರಿಸಬೇಕಾದ ಮಾತು ಅದು. ಅದನ್ನು ಕೇಳುತ್ತಲೇ ಇರಬೇಕು. ಆದರೆ ನಾಳೆ ಬೆಳಿಗ್ಗೆ ಬಾಕಿನ ಮೇಲೆ ಕೂರುವವಳ ಕೈಯಲ್ಲಿರುವುದು ಆ ಮೂರು ನಿಮಿಷ ಮಾತ್ರ.

ಅದರಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದು ರೋಗಿಯ ಮಾತು. ಇಂಗ್ಲೆಂಡಿನಲ್ಲಿ 1975ರಲ್ಲಿ ಹ್ಯಾಂಪ್ಟನ್ ಮತ್ತು ಸಂಗಡಿಗರು 80 ಹೊಸ ರೋಗಿಗಳನ್ನು ಹಿಂಬಾಲಿಸಿ ನೋಡಿದರು. 66 ಮಂದಿಯಲ್ಲಿ ಕೊನೆಗೆ ನಿಶ್ಚಯವಾದ ರೋಗ, ಊರ ವೈದ್ಯರ ಪತ್ರ ಓದಿ ರೋಗಿಯ ಕಥೆ ಕೇಳಿದಾಗ ಊಹಿಸಿದ ರೋಗವೇ ಆಗಿತ್ತು. ಮುಟ್ಟಿ ನೋಡುವುದು, ರಕ್ತ ತೆಗೆಯುವುದು, ಫೋಟೋ ಹಿಡಿಯುವುದು ಉಳಿದ ಸ್ವಲ್ಪ ಮಂದಿಯಲ್ಲಷ್ಟೇ ದಾರಿ ಬದಲಿಸಿದವು. ಅದಾಗಿ ಒಂಬತ್ತು ವರ್ಷಕ್ಕೆ ಅಮೆರಿಕದ ಇಬ್ಬರು, ಬೆಕ್‌ಮನ್ ಮತ್ತು ಫ್ರ್ಯಾಂಕೆಲ್, ಇನ್ನೊಂದನ್ನು ಅಳೆದರು. ರೋಗಿ ಮಾತು ಶುರುಮಾಡಿದ ಮೇಲೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದದ್ದು ಸರಾಸರಿ 18 ಸೆಕೆಂಡಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಗು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ. ಹೇಳಲೇಬೇಕಾದದ್ದನ್ನು ರೋಗಿ ಕೊನೆಗೆ ಇಟ್ಟುಕೊಂಡಿದ್ದರೆ ಅದು ಹೊರಗೆ ಬರುವುದೇ ಇಲ್ಲ. ನಮ್ಮವರು ಇಟ್ಟುಕೊಳ್ಳುವುದೂ ಕೊನೆಗೇ. ಮೊದಲು ಕೆಮ್ಮು, ನಂತರ ನಡುನೋವು, ಬಾಗಿಲ ತನಕ ಹೋಗಿ ತಿರುಗಿ ನಿಂತು, ‘ಮತ್ತ ಡಾಕ್ಟರ್ರ, ಒಂದ್ ಮಾತು...’

ರೋಗಿಗೂ ಗುಣಗಳಿರಬೇಕು ಎಂದು ಚರಕಸಂಹಿತೆ ಬಹಳ ಹಿಂದೆಯೇ ಹೇಳಿದೆ. ಅದರ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣ. ರೋಗಿಯ ನಾಲ್ಕು ಯಾವುವೆಂದರೆ ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನಗೇನಾಗಿದೆ ಎಂದು ತಿಳಿಸಬಲ್ಲ ಶಕ್ತಿ. ರೋಗಿಯನ್ನು ಕರುಣೆಯ ವಸ್ತುವನ್ನಾಗಿ ನೋಡದೆ, ಮಂಚದ ಒಂದು ಕಾಲು ಅವನ ಹೆಗಲ ಮೇಲೂ ಇದೆ ಎನ್ನುವ ಈ ನೋಟ ನನಗೆ ಇಷ್ಟ. ಆದರೆ ಮೂರನೆಯ ಗುಣದ ಹತ್ತಿರ ಬಂದಾಗ ಚರಕನೊಡನೆ ಜಗಳ ತೆಗೆಯಬೇಕೆನ್ನಿಸುತ್ತದೆ. ಅಂಜದಿರುವುದು ರೋಗಿ ಮನೆಯಿಂದ ಬುತ್ತಿಯಂತೆ ಕಟ್ಟಿಕೊಂಡು ಬರುವ ಗುಣವೇ? ಅಂಜಿಸುವವರು ಎದುರಿಗೆ ಕೂತಿದ್ದರೆ?

ಬಿ.ಪಿ. ಗುಳಿಗೆಯ ಉದಾಹರಣೆ ನೋಡಿ. ಸುಗ್ಗಿಯ ಗದ್ದಲದಲ್ಲಿ ಹದಿನೈದು ದಿನ ಗುಳಿಗೆ ತಪ್ಪಿರುತ್ತದೆ. ‘ತಗೊಂಡಿಯೇನು?’ ಎಂದು ಡಾಕ್ಟರು ಕೇಳುತ್ತಾರೆ. ಇಲ್ಲ ಎಂದರೆ ಹತ್ತು ಮಂದಿಯ ಮುಂದೆ ಬೈಗುಳ, ಹೌದು ಎಂದರೆ ಚೀಟಿ. ‘ಹೂನ್ರಿ, ತಪ್ಪದಂಗ ತಗೊಂಡೀನ್ರಿ.’ ಈ ಸುಳ್ಳು ಅಲ್ಲಿಗೆ ಮುಗಿಯುವುದಿಲ್ಲ. ಗುಳಿಗೆ ಸಾಲುತ್ತಿಲ್ಲ ಎಂದು ತಿಳಿದ ಡಾಕ್ಟರು ಪ್ರಮಾಣ ಏರಿಸುತ್ತಾರೆ. ಮುಂದಿನ ತಿಂಗಳು ಮಳೆ ಬಂದು ಕೆಲಸ ನಿಂತಾಗ ನಿಷ್ಠೆಯಿಂದ ಎಲ್ಲವನ್ನೂ ನುಂಗಿದವನು ಬಚ್ಚಲಲ್ಲಿ ತಲೆತಿರುಗಿ ಬೀಳುತ್ತಾನೆ. ಸತ್ಯ ಹೇಳುವುದು ರೋಗಿಯ ಕರ್ತವ್ಯವೇ ಸರಿ, ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಸತ್ಯ ಹೇಳಿದವನಿಗೆ ದಂಡ ಹಾಕದಿರುವುದು ಕುರ್ಚಿಯಲ್ಲಿ ಕೂತವರ ಕರ್ತವ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಲು ಬರುವುದಿಲ್ಲ.

ನಾಲ್ಕನೆಯ ಗುಣ ಇನ್ನೂ ತೊಡಕಿನದು. ತನಗೇನಾಗಿದೆ ಎಂದು ತಿಳಿಸುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ. ಎರಡು ವರ್ಷದ ಹಿಂದೆ ನನ್ನ ದೊಡ್ಡವ್ವನ ಜೊತೆ ದವಾಖಾನಿಗೆ ಹೋಗಿದ್ದೆ. ಅವಳ ಮಗನೂ ಇದ್ದ. ಒಳಗೆ ಹೋದ ಕೂಡಲೇ ಅವನೇ ಶುರುಮಾಡಿದ. ‘ಮೊಣಕಾಲ ಬ್ಯಾನಿ ಐತ್ರಿ, ಎರಡ್ ತಿಂಗಳಾತು. ಒಂದ್ ಸೂಜಿ ಮಾಡ್ರಿ.’ ದೊಡ್ಡವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಣಕಾಲು ನೋಡಿದರು, ಮುಖ ನೋಡಿದರು, ಏನನ್ನಿಸಿತೋ, ಮಗನ ಕೈಗೆ ಒಂದು ಚೀಟಿ ಕೊಟ್ಟು, ‘ಅಣ್ಣಾರ, ಇದನ್ನ ಔಷಧಿ ಕೊಡೋ ಕಡೆ ತೋರಿಸಿ ಬರ್ರಿ’ ಎಂದು ಹೊರಗೆ ಕಳಿಸಿದರು. ಬಾಗಿಲ ಪರದೆ ಇಳಿದ ಮೇಲೆ, ‘ಯವ್ವಾ, ಈಗ ನೀವ ಹೇಳ್ರಿ’ ಎಂದರು.

ಅವಳು ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ ನೆಲ ನೋಡುತ್ತ, ‘ಮುಟ್ಟು ನಿಂತು ಎಂಟ್ ವರ್ಷ ಆತ್ರಿ. ದೀಪಾವಳಿಯಿಂದ ಮತ್ತ ಕಾಣಾಕತ್ತೈತಿ’ ಎಂದಳು.

ಮುಟ್ಟು ನಿಂತ ಎಷ್ಟೋ ಕಾಲದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಹೆಚ್ಚಿನವರಲ್ಲಿ ಅದು ದೊಡ್ಡದೇನೂ ಆಗಿರುವುದಿಲ್ಲ, ಕೆಲವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರುತ್ತದೆ. ಡಾಕ್ಟರು ಗದಗಿಗೆ ಬರೆದುಕೊಟ್ಟರು. ಅಲ್ಲಿಂದ ಹುಬ್ಬಳ್ಳಿಗೆ ಓಡಾಟವಾಯಿತು, ಆಪರೇಷನ್ ಆಯಿತು. ದೊಡ್ಡವ್ವ ಈಗಲೂ ಕಡಲೆ ಕೀಳಲು ಹೋಗುತ್ತಾಳೆ, ಬೇಡವೆಂದರೆ ಜಗಳಕ್ಕೆ ಬರುತ್ತಾಳೆ. ಮಗ ಕೆಟ್ಟವನಲ್ಲ. ದೀಪಾವಳಿಯಿಂದ ಅವನಿಗೆ ಕಂಡದ್ದು ಅವ್ವ ಕುಂಟುತ್ತಿದ್ದದ್ದು ಮಾತ್ರ, ಕಂಡದ್ದನ್ನು ಹೇಳಿದ. ಅವನ ಪ್ರೀತಿಯ ಮಾತೇ ಅವಳ ಬಾಯಿಗೆ ಅಡ್ಡವಾಗಿ ನಿಂತಿತ್ತು.

ನನ್ನನ್ನು ಕಾಡುವುದು ಇನ್ನೊಂದು. ಅಂದು ಒಳಗೆ ಹಿಡಿದದ್ದು ಸುಮಾರು ಹನ್ನೊಂದು ನಿಮಿಷ. ಪರದೆಯಾಚೆ ಗೊಣಗಾಟ ಕೇಳುತ್ತಿತ್ತು. ‘ಒಳಗ ಹೋದವ್ರು ಮಲಗ್ಯಾರೇನು?’ ಎಂದು ಯಾರೋ ಅಂದರು. ಮೂರರ ಲೆಕ್ಕದಲ್ಲಿ ದೊಡ್ಡವ್ವ ಇನ್ನೂ ಮೂರು ಮಂದಿಯ ಪಾಲಿಗೆ ಹತ್ತಿರ ಹತ್ತಿರ ತೆಗೆದುಕೊಂಡಳು. ಅದು ಅನ್ಯಾಯವೇ? ಪಾಳಿ ಎಂಬುದು ಯಾರು ಮೊದಲು ಎಂದು ಹೇಳಬಲ್ಲದು, ಯಾರಿಗೆ ಎಷ್ಟು ಎಂದು ಹೇಳಲಾರದು. ಪಂಕ್ತಿಯಲ್ಲಿ ಕೂತ ಕೂಸಿಗೂ ಹೊಲದಿಂದ ಬಂದ ಆಳಿಗೂ ಎರಡೆರಡೇ ರೊಟ್ಟಿ ಹಾಕಿ ಸಮಾನತೆ ಎಂದರೆ ಯಾವ ಅಜ್ಜಿಯೂ ಒಪ್ಪುವುದಿಲ್ಲ. ಹನ್ನೊಂದು ನಿಮಿಷ ಬೇಕಾದವಳಿಗೆ ಅದು ಸಿಗಬೇಕಾದರೆ ಒಂದೇ ನಿಮಿಷ ಸಾಕಾದವರು ಒಂದರಲ್ಲೇ ಏಳಬೇಕು. ತಿಂಗಳ ಸಕ್ಕರಿ ಬ್ಯಾನಿಯ ಗುಳಿಗೆಗೆ, ಬಿ.ಪಿ. ನೋಡಿಸುವುದಕ್ಕೆ ಊರಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ ಇದ್ದರೆ ಅಲ್ಲಿಗೇ ಹೋಗಬಹುದು. ಅಂಥವರು ಡಾಕ್ಟರ ಬಾಕಿನಿಂದ ಎದ್ದ ಪ್ರತಿಸಲವೂ ಹೆಸರು ಗೊತ್ತಿಲ್ಲದ ಯಾರಿಗೋ ಕೆಲವು ನಿಮಿಷ ಕೊಟ್ಟಂತೆ. ದಾನವೆಂದು ಯಾರೂ ಇದನ್ನು ಬರೆದಿಡುವುದಿಲ್ಲ.

ಪಾಳಿಯಲ್ಲಿ ಕಣ್ಣಿಗೆ ಕಾಣದವರೂ ಇದ್ದಾರೆ. ನೆಗಡಿಗೆ ಆಂಟಿಬಯಾಟಿಕ್ ಬರೆಸಿಕೊಳ್ಳುವವನು ಬಳಸುತ್ತಿರುವುದು ತನ್ನ ಪಾಲಿನ ಔಷಧವನ್ನಲ್ಲ. ನೆಗಡಿಯ ವೈರಸ್ಸಿಗೆ ಅದು ತಾಗುವುದಿಲ್ಲ, ಸುಮ್ಮನಿದ್ದ ಬ್ಯಾಕ್ಟೀರಿಯಾಗಳಿಗೆ ತಾಲೀಮು ಕೊಟ್ಟು ಬರುತ್ತದೆ. ಮುಂದೊಂದು ದಿನ ಬಾಣಂತಿಯೊಬ್ಬಳ ನಂಜಿಗೆ ಅದೇ ಔಷಧ ಹಿಡಿಯದೆ ಹೋಗಬಹುದು. ಹಾಳೆಯ ಮೇಲಿನ ಕೆಂಪು ಗೆರೆ, 2014ರಿಂದ ಜಾರಿಗೆ ಬಂದ ಎಚ್-1 ಪಟ್ಟಿಯ ನಿಯಮ ಎಲ್ಲ ಇದಕ್ಕೇ. ಗೆರೆ ಎಷ್ಟು ಕೆಂಪಿದ್ದರೂ ನಮ್ಮಲ್ಲಿ ಅಂಗಡಿಯವನನ್ನು ಕೇಳಿದರೆ ಸಿಗುತ್ತದೆ ಎಂಬುದು ಬೇರೆ ಮಾತು.

ವೇಲ್ಸ್ ನಾಡಿನ ಗಣಿ ಕೆಲಸಗಾರರ ಹಳ್ಳಿಯೊಂದರಲ್ಲಿ ದುಡಿದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಮಾತು ಬರೆದರು. ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆ ಸಿಗುತ್ತದೆ, ಕಡಿಮೆ ಬೇಕಾದವರಿಗೆ ಹೆಚ್ಚು ಸಿಗುತ್ತದೆ ಎಂಬುದು ಅದರ ಸಾರ. ಅವರು ಹೇಳಿದ್ದು ಊರು ಊರುಗಳ ನಡುವಿನ ಅಂತರವನ್ನು. ನನಗೆ ಅದು ಒಂದೇ ಬಾಕಿನ ಎರಡು ತುದಿಗಳ ನಡುವೆಯೂ ಕಾಣುತ್ತದೆ. ನಾನು ಶಿಕ್ಷಕಿ ಎಂದು ಗೊತ್ತಾದ ಕಡೆ ಕುರ್ಚಿ ಸಿಗುತ್ತದೆ, ‘ಹೇಳ್ರಿ ಟೀಚರ್’ ಎಂಬ ಮಾತು ಸಿಗುತ್ತದೆ, ನನ್ನ ಕಥೆಗೆ 18 ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. ನನ್ನ ಹಿಂದೆ ನಿಂತವಳು ನಿಂತೇ ಹೇಳುತ್ತಾಳೆ. ದವಾಖಾನೆಯನ್ನು ಚೆನ್ನಾಗಿ ಬಳಸಿಕೊಳ್ಳುವ ಬಗೆಯನ್ನು ಹೇಳಿಕೊಡುವ ಬರಹಗಳನ್ನು, ಇದೂ ಸೇರಿ, ಓದುವವರು ಕುರ್ಚಿ ಸಿಗುವವರೇ. ಹಾಗಿರುವಾಗ ಓದಿದವರು ಇನ್ನಷ್ಟು ಜಾಣತನದಿಂದ ಮಾತಾಡಲು ಕಲಿತರೆ ಕೊಡದ ನೀರು ಇನ್ನಷ್ಟು ಅವರ ತಂಬಿಗೆಗೇ ಹೋಗುವುದಿಲ್ಲವೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ. ಆ ಜಾಣತನವನ್ನು ಬಾಕಿನ ಇನ್ನೊಂದು ತುದಿಗೆ ದಾಟಿಸಲು ಬರುತ್ತದೆಯೇ ಎಂಬುದೇ ಈಗ ನನಗೆ ಮುಖ್ಯವಾದ ಪ್ರಶ್ನೆ. ದಾಟಿಸುವಾಗ ದೊಡ್ಡವ್ವನ ಮಗನಂತೆ ಬಾಯಿಗೆ ಅಡ್ಡ ನಿಲ್ಲಬಾರದು, ಅಷ್ಟೆ. ಆಶಾ ಕಾರ್ಯಕರ್ತೆಯರಲ್ಲಿ ಒಳ್ಳೆಯವರಿಗೆ ಇದು ಗೊತ್ತಿದೆ. ಬಾಗಿಲ ತನಕ ಜೊತೆಗೆ ಬರುತ್ತಾರೆ, ಒಳಗೆ ಕೂತವರ ಹಿಂದೆ ನಿಲ್ಲುತ್ತಾರೆ.

ನನ್ನ ಎಂಟನೆಯ ತರಗತಿಯ ಹುಡುಗಿಯರಿಗೆ ಪತ್ರಲೇಖನ ಕಲಿಸುವಾಗ ಈಗ ಒಂದು ಅಭ್ಯಾಸ ಕೊಡುತ್ತೇನೆ. ಮನೆಯಲ್ಲಿ ಯಾರಾದರೂ ದವಾಖಾನಿಗೆ ಹೋಗುವವರಿದ್ದರೆ ಅವರನ್ನು ಕೇಳಿ ನಾಲ್ಕೇ ಸಾಲು ಬರೆದುಕೊಡಬೇಕು: ಎಲ್ಲಕ್ಕಿಂತ ಹೆಚ್ಚು ತ್ರಾಸು ಕೊಡುವುದು ಯಾವುದು, ಯಾವಾಗಿನಿಂದ, ಈಗ ಯಾವ ಗುಳಿಗೆ ನಡೆದಿದೆ, ಡಾಕ್ಟರನ್ನು ಏನು ಕೇಳಬೇಕು. ರಜೆಯ ಅರ್ಜಿ ಬರೆಯುವುದಕ್ಕಿಂತ ಉತ್ಸಾಹದಿಂದ ಬರೆಯುತ್ತಾರೆ. ಕಳೆದ ತಿಂಗಳು ಒಬ್ಬಳ ಚೀಟಿಯಲ್ಲಿ ಮೂರೇ ಸಾಲು ಇತ್ತು, ಮೊದಲನೆಯ ಜಾಗ ಖಾಲಿ. ಯಾಕೆಂದು ಕೇಳಿದೆ. ‘ಅಮ್ಮಗ ಕೇಳಿದ್ನಿರಿ ಟೀಚರ್. ಅದನ್ನ ಬರೀಬ್ಯಾಡ, ಅದನ್ನ ನಾನ ಹೇಳ್ತೀನಿ ಅಂದ್ಲು.’